ಕಾಡಿನ ರಾಣಿಯ ಹರಿದ ಹೊದಿಕೆ

ಬಟ್ಟೆಯ ಮೇಲೆ ಚಹಾ ಚೆಲ್ಲಿದರೆ ಆಗಿಂದಾಗಲೇ ತಣ್ಣೀರಿನಲ್ಲಿ ಅದ್ದಿ ತಿಕ್ಕಬೇಕು. ಒಣಗಲು ಬಿಟ್ಟಿರೋ, ಆ ಕಲೆ ಬಟ್ಟೆಯ ಆಯುಷ್ಯ ಮುಗಿಯುವವರೆಗೂ ಅದರ ಜೊತೆಗೇ ಬಾಳುತ್ತದೆ. ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಓದು ನಿಲ್ಲಿಸಿದ ನನಗೆ ಖಾತ್ರಿಯಾಗಿ ಗೊತ್ತಿರುವ ಸಂಗತಿಗಳು ಕಡಿಮೆ, ಇದು ಅವುಗಳಲ್ಲಿ ಒಂದು. ಕಲೆ ಕಂಡರೆ ನನ್ನ ಕೈ ನನ್ನನ್ನು ಕೇಳದೆಯೇ ನಲ್ಲಿಯ ಕಡೆಗೆ ಹೋಗುತ್ತದೆ, ಹರಿದದ್ದು ಕಂಡರೆ ಸೂಜಿಯ ಕಡೆಗೆ. ಈ ಎರಡು ಅಭ್ಯಾಸಗಳು ಸೇರಿ ಅಮೆರಿಕದ ಫೋರ್ಟ್ ಮಿಲ್ ಊರಿನಲ್ಲಿರುವ ನನ್ನ ಮಗಳ ಈ ಮನೆಯಲ್ಲಿ ಒಂದು ರಾಜ್ಯವನ್ನೇ ಮುಳುಗಿಸುವುದರಲ್ಲಿದ್ದವು. ಆ ಕತೆಯನ್ನು ನಿಮಗೆ ಹೇಳಬೇಕು.

ಸಮರ್ಥ, ಸಿರಿ, ಮೊನ್ನೆ ಗೈದರ್ಸ್‌ಬರ್ಗಿನಿಂದ ಫೋನು ಮಾಡಿದಾಗ ನೀವಿಬ್ಬರೂ ಒಂದೇ ಪ್ರಶ್ನೆ ಕೇಳಿದಿರಿ: “ಅಜ್ಜಿ, ಇಂಚರಾ ಅಕ್ಕನ ವಿಡಿಯೋದಲ್ಲಿ ಹೊಲೀತಿರೋ ಹ್ಯಾಂಡ್ಸ್ ಯಾರ್ದು?” ನಾನು ನಕ್ಕು, ಊಟ ಆಯಿತೇ ಎಂದು ಕೇಳಿ ಮಾತು ತೇಲಿಸಿಬಿಟ್ಟೆ. ಫೋನಿನಲ್ಲಿ ಮುಖ ಕಾಣಿಸುವಾಗ ನನಗೆ ಮಾತು ಹೊರಡುವುದಿಲ್ಲ; ನನ್ನ ಮುಖವೇ ಮೂಲೆಯಲ್ಲಿ ಕುಳಿತು ನನ್ನನ್ನು ನೋಡುತ್ತಿರುತ್ತದಲ್ಲ, ಅದಕ್ಕೆ. ಕಾಗದದ ಎದುರು ಅಷ್ಟು ನಾಚಿಕೆಯಾಗುವುದಿಲ್ಲ. ಈ ಅಕ್ಷರ ನಿಮಗೆ ಓದಲು ಬರುವುದಿಲ್ಲವೆಂದು ಗೊತ್ತು, ನಿಮ್ಮ ಅಪ್ಪ ಓದಿ ಹೇಳಲಿ. ಅವನು ನಡುನಡುವೆ ಇಂಗ್ಲಿಷಿಗೆ ಜಾರಿದರೆ ಬಿಡಬೇಡಿ, ಹಿಡಿದು ಕನ್ನಡಕ್ಕೆ ಕರೆತನ್ನಿ.

ನಿಮ್ಮ ಶೈಲಾ ಅತ್ತೆಯ ಮಗಳು ಇಂಚರಾ ಓದುವ ಹೈಸ್ಕೂಲಿನಲ್ಲಿ ವಿಡಿಯೋ ಮಾಡುವುದನ್ನೂ ಒಂದು ಪಾಠವಾಗಿ ಕಲಿಸುತ್ತಾರೆ. ಈ ಸಲ ಒಂದು ಹಾಡಿಗೆ ಚಿತ್ರ ಕಟ್ಟಬೇಕಾಗಿತ್ತು. ಹಾಡು ಅವಳ ಗೆಳತಿ ಹೇಲಿಯದು. ಗಿಟಾರ್ ಹಿಡಿದು ತಾನೇ ಕಟ್ಟಿ ತಾನೇ ಹಾಡಿದ್ದಳು. ಅದರ ಮಾತುಗಳು ನನಗೆ ಪೂರ್ತಿ ತಿಳಿಯಲಿಲ್ಲ, ಆದರೆ ಏನನ್ನೋ ಕಳೆದುಕೊಂಡವರ ದನಿ ಅದು ಎಂಬುದು ತಿಳಿಯಿತು. ಇಂಚರಾ ಆ ದನಿಗೊಂದು ಮಾಯಾಲೋಕ ಕಟ್ಟಿದಳು. ಒಂದು ಕಾಡು, ಅದಕ್ಕೊಬ್ಬಳು ರಾಣಿ. ರಾಣಿಯ ಹೆಗಲಿನಿಂದ ಹಿಮ್ಮಡಿಯವರೆಗೆ ಇಳಿಯುವ ಒಂದು ಹೊದಿಕೆ. ಆ ಹೊದಿಕೆ ಹರಿದಷ್ಟೂ ಕಾಡು ಬಾಡುತ್ತ ಹೋಗುತ್ತದೆ. ಕೊನೆಗೆ ಚಿಂದಿಯ ನಡುವೆ ರಾಣಿ ಒಬ್ಬಳೇ ಹಾಡುತ್ತ ನಿಂತಿರುತ್ತಾಳೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಎಲ್ಲರ ವಿಡಿಯೋಗಳನ್ನೂ ಶಾಲೆಯ ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ. ಹೋದ ವರ್ಷ ಅವಳ ಚಿತ್ರ ನಡೆಯುವಾಗ ಜನ ಫೋನು ನೋಡಿಕೊಂಡು ಕುಳಿತಿದ್ದರಂತೆ. ಈ ಸಲ ಒಬ್ಬರೂ ತಲೆ ತಗ್ಗಿಸಬಾರದು ಎಂಬುದು ಅವಳ ಹಟ.

ಮಾಯೆಯನ್ನು ಕಟ್ಟುವುದೆಂದರೆ ಏನೇನು ಬೇಕು ಎಂದು ಪಟ್ಟಿ ಹಾಕುವುದೆಂದು ನಾನು ತಿಳಿದಿದ್ದೆ. ಅವಳನ್ನು ನೋಡಿದ ಮೇಲೆ ಗೊತ್ತಾಯಿತು, ಏನು ಬೇಡ ಎಂದು ಹೇಳುವುದರಲ್ಲೇ ಅದರ ಅರ್ಧ ಕೆಲಸವಿದೆ. ಹೊಗೆ ಬೇಡ ಎಂದಳು. ಬಣ್ಣದ ದೀಪ ಬೇಡ. ಇಳಿಹೊತ್ತಿನ ಬಿಸಿಲು ಪೈನ್ ಮರಗಳ ಸಂದಿನಿಂದ ಓರೆಯಾಗಿ ಬೀಳುತ್ತದಲ್ಲ, ಅದು ಸಾಕು. ಹೇಲಿ ತನ್ನ ಮನೆಯಿಂದ ಹೊಳೆಯುವ ಕಿರೀಟ ತಂದರೆ ಅದೂ ಬೇಡ. “ಕ್ರೌನ್ ಇಟ್ರೆ ಕ್ವೀನ್ ಅಂತ ಹೇಳಿಬಿಟ್ಟ ಹಾಗೆ ಅಲ್ವಾ ಅಜ್ಜಿ? ಹೇಳಬಾರದು. ಅವರಿಗೇ ಅನ್ನಿಸಬೇಕು” ಎಂದು ನನಗೆ ವಿವರಿಸಿದಳು. ಕಾಡನ್ನೂ ಅವಳು ಕಟ್ಟಲಿಲ್ಲ. ನಮ್ಮ ಮನೆಯ ಹಿಂದೆ, ಜನ ನಾಯಿ ಹಿಡಿದುಕೊಂಡು ನಡೆಯುವ ದಾರಿಯ ಆಚೆ, ಹಳ್ಳದ ದಂಡೆಯ ಮರಗಳ ಮೇಲೆ ಕುಡ್ಜು ಎಂಬ ಬಳ್ಳಿ ಹಬ್ಬಿದೆ. ಮರವೆಲ್ಲಿ, ಬೇಲಿಯೆಲ್ಲಿ ಎಂದು ತಿಳಿಯದ ಹಾಗೆ ಎಲ್ಲದಕ್ಕೂ ಹಸಿರು ಹೊದಿಸಿ ನಿಂತಿದೆ. ಇಲ್ಲಿಯವರಿಗೆ ಅದು ಕಳೆ, ಬೇರು ಕಿತ್ತಷ್ಟೂ ಬರುವ ಪೀಡೆ. ಎರೆಮಣ್ಣಿನ ಬಟಾಬಯಲಿನಲ್ಲಿ ಬೆಳೆದ ನನಗೂ, ಹದಿನಾರರ ಇಂಚರಾಳಿಗೂ ಮಾತ್ರ ಅದು ಮೊದಲಿನಿಂದಲೂ ಅರಮನೆಯ ಹಾಗೆ ಕಾಣುತ್ತಿತ್ತು.

ಆ ಕಾಡಿನಂಚಿನಲ್ಲಿ ಅವಳು ಒಬ್ಬ ಮುದುಕಿಯನ್ನೂ ಇಟ್ಟಿದ್ದಳು. “ನೀನು ಆಕ್ಟ್ ಮಾಡ್ತೀಯಾ ಅಜ್ಜಿ? ಸುಮ್ನೆ ನಿಂತ್ರೆ ಸಾಕು.” ನಾನು ಒಲ್ಲೆ ಎಂದೆ. ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ಒಲ್ಲೆ ಎಂದೆ. ಮರುದಿನ ಕತೆಯಿಂದ ಮುದುಕಿಯನ್ನು ತೆಗೆದುಹಾಕಿದ್ದಳು, ಯಾಕೆಂದು ಹೇಳಲೂ ಇಲ್ಲ.

ನಿಮ್ಮ ಮನೆಯ ಗೋಡೆಯ ಮೇಲಿನ ಫೋಟೋಗಳಲ್ಲಿ ನಾನು ಎಲ್ಲಿದ್ದೇನೆ ಎಂದು ಹುಡುಕಿ ನೋಡಿ. ನಿಮ್ಮ ಅಜ್ಜ ಹೋದ ಮೇಲಿನ ಯಾವುದರಲ್ಲೂ ನಾನಿಲ್ಲ. ಎಲ್ಲರೂ ಸಾಲಾಗಿ ನಿಂತಾಗ, ಕೊಡು ಇಲ್ಲಿ, ನಾನು ತೆಗೆಯುತ್ತೇನೆ ಎಂದು ಫೋನು ಇಸಿದುಕೊಂಡು ಈಚೆಗೆ ಬಂದುಬಿಡುತ್ತೇನೆ. ಯಾರೂ ನನ್ನನ್ನು ದೂರ ನಿಲ್ಲಿಸಿದ್ದಲ್ಲ. ಹಬ್ಬದ ದಿನ ಇಲ್ಲಿಯ ಕನ್ನಡದ ಹೆಣ್ಣುಮಕ್ಕಳು ಮುತ್ತೈದೆಯರಿಗೆ ಅರಿಶಿನ ಕುಂಕುಮ, ಹಸಿರು ಬಳೆ ಕೊಡುವಾಗ ನಾನು ತಟ್ಟೆ ಜೋಡಿಸುವ ನೆಪದಲ್ಲಿ ಅಡುಗೆಮನೆ ಸೇರುತ್ತೇನೆ. ಅವರು ಒತ್ತಾಯ ಮಾಡಿದರೆ ಏನು ಹೇಳಬೇಕೋ ತಿಳಿಯದೆ, ಒತ್ತಾಯ ಮಾಡದಿದ್ದರೆ ಮನಸ್ಸು ಸಣ್ಣದಾದೀತೆಂದು ಹೆದರಿ. ಅಂಚಿನಲ್ಲಿ ನಿಲ್ಲುವುದು ರೂಢಿಯಾದರೆ ಅದೂ ಒಂದು ಆಸನವೇ.

ಅವರು ರಾಣಿಯ ಹೊದಿಕೆ ತಯಾರಿಸಿದ ವಾರ ನಾನು ನಿಮ್ಮ ಮನೆಯಲ್ಲಿದ್ದೆ. ಆ ಕೆಲಸ ಹೇಗೆ ನಡೆಯಿತೆಂಬುದು ನನಗೆ ಆಮೇಲೆ ತಿಳಿದದ್ದು. ಹಾಸಿಗೆಯ ಬಿಳಿಯ ಚಾದರವೊಂದನ್ನು ಕತ್ತರಿಸಿ, ದೊಡ್ಡ ಪಾತ್ರೆಯಲ್ಲಿ ಕುದಿಸಿದ ಚಹಾದ ಡಿಕಾಕ್ಷನ್ನಿನಲ್ಲಿ ನೆನೆಸಿದರಂತೆ. ಒಣಗಿದ ಮೇಲೆ ಇಲ್ಲಿಯ ಕೆಂಪು ಮಣ್ಣಿನಲ್ಲಿ ಎಳೆದಾಡಿದರಂತೆ. ಶೈಲಾ ಕ್ಯಾರೆಟ್ ತುರಿಯುವ ತುರಿಮಣೆಯಿಂದ ಅಂಚುಗಳನ್ನೆಲ್ಲ ತುರಿದು, ಅಲ್ಲಲ್ಲಿ ಬೆರಳು ತೂರಿಸಿ ಸೀಳಿ, ನೂರು ವರ್ಷ ಕಾಡಿನಲ್ಲಿ ಅಲೆದ ಬಟ್ಟೆಯ ಹಾಗೆ ಮಾಡಿದರಂತೆ. ಶಾಲೆ ಮುಗಿಸಿ ಬಂದು ದಿನವೂ ಇದೇ ಕೆಲಸ. ಶನಿವಾರ ಶೂಟಿಂಗ್ ಎಂದು ಗೊತ್ತು ಮಾಡಿ, ಅದನ್ನು ಬಟ್ಟೆ ಒಗೆಯುವ ಕೋಣೆಯಲ್ಲಿ ಮುದ್ದೆ ಮಾಡಿ ಇಟ್ಟಿದ್ದರು.

ನಿಮ್ಮಲ್ಲಿಂದ ನಾನು ಮರಳಿದ ಮಾರನೆಯ ದಿನ, ಗುರುವಾರ ಬೆಳಿಗ್ಗೆ, ಎಲ್ಲರೂ ಹೊರಗೆ ಹೋದ ಮೇಲೆ, ಆ ಕೋಣೆಗೆ ಹೋದವಳು ನಾನು.

ಮಕ್ಕಳೇ, ನನ್ನ ಜಾಗದಲ್ಲಿ ನೀವಿದ್ದರೂ ಮತ್ತೇನು ಮಾಡುತ್ತಿದ್ದಿರಿ? ಒಳ್ಳೆಯ ಹತ್ತಿಯ ಚಾದರ, ಎಂಥ ಗತಿಗೆ ಬಂದಿದೆ ಎನ್ನಿಸಿತು. ಒಣಗಿದ ಚಹಾದ ಕಲೆ ಜಗ್ಗುವುದಿಲ್ಲವೆಂದು ಗೊತ್ತಿದ್ದೂ ಬ್ಲೀಚ್ ಹಾಕಿ ನೆನೆಸಿದೆ, ತಿಕ್ಕಿದೆ, ಮತ್ತೆ ನೆನೆಸಿದೆ. ಕಂದು ಹೋಗಿ ಕೆನೆಯ ಬಣ್ಣಕ್ಕೆ ಬಂತು. ಒಣಗಿಸಿ, ಹರಕುಗಳನ್ನೆಲ್ಲ ಕೂಡಿಸಿದೆ. ಶೈಲಾಳ ಡಬ್ಬಿಯಲ್ಲಿ ಇದ್ದದ್ದು ಕೆಂಪು ದಾರವೊಂದೇ. ಇರಲಿ, ಒಳಗೆ ಹಾಸುವ ಬಟ್ಟೆ ತಾನೇ ಎಂದು ಅದರಲ್ಲೇ ಹೊಲಿದೆ. ಬಟ್ಟೆ ಜೀರ್ಣವಾಗಿದ್ದ ಕಡೆ ನನ್ನ ಹಳೆಯ ಸೀರೆಯ ತುಂಡು ಇಟ್ಟು, ಕೌದಿ ಹೊಲಿಯುವಂತೆ ಸಾಲು ಸಾಲಾಗಿ ಓಟದ ಹೊಲಿಗೆ ಹಾಕಿದೆ. ಅನ್ನದ ಗಂಜಿ ಹಾಕಿ, ಇಸ್ತ್ರಿ ಮಾಡಿ, ಮಡಿಸಿ, ಇಂಚರಾಳ ಮಂಚದ ಮೇಲೆ ಇಟ್ಟೆ. ಒಂದು ಮೂಲೆ ಮಾತ್ರ ತೆರೆದಿತ್ತು, ಅದರ ಮಾತು ಆಮೇಲೆ. ಶಾಲೆಯ ಬಸ್ಸು ಬರುವ ಹೊತ್ತಿಗೆ, ಬಹುಮಾನ ಬರುವುದೆಂದು ಕಾದ ಹುಡುಗಿಯ ಹಾಗೆ ಬಾಗಿಲಲ್ಲಿ ನಿಂತಿದ್ದೆ.

ಇಂಚರಾ ಹೇಲಿಯನ್ನೂ ಕರೆದುಕೊಂಡು ಬಂದಿದ್ದಳು. ಇಬ್ಬರೂ ಮಂಚದ ಮುಂದೆ ನಿಂತರು.

“ಅಜ್ಜಿ, ಇದು ನಮ್ಮ ಕ್ಲೋಕಾ?” ಕ್ಲೋಕ್ ಎಂದರೆ ರಾಣಿಯ ಹೊದಿಕೆ ಎಂದು ನನಗೆ ಆಗ ಗೊತ್ತಿರಲಿಲ್ಲ, ಚಾದರವೇ ಇರಬೇಕೆಂದುಕೊಂಡೆ.

“ಅದ ನಮ್ಮವ್ವಾ. ನೋಡು, ಹೆಂಗ ಆಗೇತಿ!”

“ಐರನ್ ಕೂಡ ಮಾಡ್ದೆ?”

“ಗಂಜೀನೂ ಹಾಕೀನಿ.”

ಹೇಲಿ ಎರಡು ಬೆರಳಿನಿಂದ ಹೊದಿಕೆಯ ಅಂಚು ಎತ್ತಿದಳು. ಅದು ಹಪ್ಪಳದ ಹಾಗೆ ನೆಟ್ಟಗೆ ನಿಂತಿತು. ಆ ಹುಡುಗಿಗೆ ನಗು ಬಂದು, ಬಾಯಿಗೆ ಕೈ ಒತ್ತಿಕೊಂಡಳು. ಇಂಚರಾ ನಗಲಿಲ್ಲ. “ಇಟ್ಸ್ ಓಕೆ, ಅಜ್ಜಿ” ಎಂದಳು. ಅವಳ ಬಾಯಲ್ಲಿ ಆ ಮಾತು ಬಂದ ರೀತಿಯಿಂದಲೇ ನಾನು ಏನೋ ಕೆಡಿಸಿದ್ದೇನೆಂದು ತಿಳಿದೆ.

ಕೆಲಸದಿಂದ ಬಂದ ಶೈಲಾ ಸಂಗತಿ ಬಿಡಿಸಿ ಹೇಳಿದಳು. “ಯವ್ವಾ, ಅದನ್ನ ಹರಿಯಾಕ ಅವರಿಗೆ ಒಂದ ವಾರ ಹಿಡಿದಿತ್ತಬೇ!” ಎಂದು ಹೊಟ್ಟೆ ಹಿಡಿದು ನಕ್ಕವಳು, ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಆ ಸಂಜೆ ಹಿತ್ತಲಿನ ಮರದ ಡೆಕ್ಕಿನ ಮೇಲೆ ಕುಳಿತು ಯೋಚಿಸಿದೆ. ಚಿಕ್ಕವರು ಹೊಸದನ್ನು ಹಳತು ಮಾಡಲು ಕಷ್ಟಪಡುತ್ತಾರೆ, ನಮ್ಮಂಥವರು ಹಳತನ್ನು ಹೊಸದು ಮಾಡಲು. ಇಬ್ಬರ ಜಗಳವೂ ಕಾಲದ ಜೊತೆಗೇ. ಅವರಿಗೆ ಅದು ಬೇಗ ಬರಲೆಂಬ ಆತುರ, ನಮಗೆ ತುಸು ನಿಲ್ಲಲೆಂಬ ಆಸೆ. ನಾನು ಬೆಳೆದ ಮನೆಯಲ್ಲಿ ಹರಿದದ್ದಕ್ಕೆ ಹರಿದದ್ದು ಎನ್ನುವುದರ ಹೊರತು ಬೇರೆ ಅರ್ಥವಿರಲಿಲ್ಲ. ಹರಕಿನಲ್ಲೂ ಒಂದು ಕತೆ ಇರುತ್ತದೆ, ಅದನ್ನು ನೋಡಲು ಜನ ಕೂಡುತ್ತಾರೆ ಎಂದು ನನಗೆ ಯಾರು ಹೇಳಬೇಕಿತ್ತು? ಹೊಲಿಗೆಯನ್ನೆಲ್ಲ ಬಿಚ್ಚಿಕೊಡುತ್ತೇನೆ ಎಂದು ನಿಶ್ಚಯಿಸಿ, ಕತ್ತರಿ ತರಲು ಎದ್ದೆ. ಅಷ್ಟರಲ್ಲಿ ಇಂಚರಾ ಆ ಹೊದಿಕೆಯನ್ನೇ ಹೆಗಲ ಮೇಲೆ ಹಾಕಿಕೊಂಡು ಬಂದು ನನ್ನ ಪಕ್ಕ ಕುಳಿತಳು. ಬೆರಳಿನಿಂದ ಕೆಂಪು ಹೊಲಿಗೆಯ ಸಾಲುಗಳನ್ನು ಸವರುತ್ತಿದ್ದಳು.

“ಇಲ್ಲಿ ಯಾಕೆ ಓಪನ್ ಬಿಟ್ಟಿದೀಯಾ?” ಮೂಲೆಯೊಳಗೆ ಬೆರಳು ತೂರಿಸಿ ಕೇಳಿದಳು.

“ಅದರ ಹೊಟ್ಟಿ ತುಂಬಬೇಕಲ್ಲ. ಜ್ವಾಳ ಮುಗದಾವು. ನಿಮ್ಮಮ್ಮ ತಂದ ಮ್ಯಾಲ ಹಾಕಿ ಹೊಲೀತೀನಿ.”

“ಹೊಟ್ಟೆ? ಕ್ಲಾತ್‌ಗೆ?”

ನಮ್ಮ ಮನೆಯ ಪದ್ಧತಿಯನ್ನು ಅವಳಿಗೆ ಹೇಳಿದೆ. ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯನ್ನು ಹಾಗೇ ಮುಚ್ಚುವುದಿಲ್ಲ. ನಾಲ್ಕು ಕಾಳು ಜೋಳವನ್ನೋ, ರೊಟ್ಟಿಯ ಚೂರನ್ನೋ ಒಳಗಿಟ್ಟು ಹೊಲಿಯುತ್ತೇವೆ. ಯಾರಿಗೋ ಬೆಚ್ಚಗಾಗಲಿ ಎಂದು ಕೊಡುವ ವಸ್ತು ತಾನೇ ಹಸಿದಿರಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು.

“ಹಂಗ್ರಿ ಇದ್ರೆ ಏನಾಗುತ್ತೆ?”

“ಹೊದ್ದವರಿಗೆ ನಿದ್ದಿ ಹತ್ತೂದಿಲ್ಲ.”

ಅವಳು ತೆರೆದ ಮೂಲೆಯೊಳಗೆ ಇಣುಕಿ ನೋಡಿದಳು. ಆಮೇಲೆ ಒಮ್ಮೆಲೇ ಎದ್ದು ಹೇಲಿಗೆ ಫೋನು ಮಾಡಿ, ಡೆಕ್ಕಿನ ಮೇಲೆ ಅತ್ತಿಂದಿತ್ತ ನಡೆಯುತ್ತ, ಕೈ ಬೀಸುತ್ತ ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು. ಅವಳು ನನಗೆ ಮೊದಲೇ ಹೇಳಿದ್ದಳು: ಮಾಯಾಲೋಕಕ್ಕೂ ಒಂದು ನಿಯಮವಿರಬೇಕು, ಮನಸ್ಸಿಗೆ ಬಂದದ್ದೆಲ್ಲ ನಡೆದರೆ ನೋಡುವವರು ನಂಬುವುದಿಲ್ಲ ಎಂದು. ತನ್ನ ಲೋಕದ ನಿಯಮವನ್ನು ಅವಳು ಹುಡುಕುತ್ತಿದ್ದಳೆಂದು ಕಾಣುತ್ತದೆ. ಈಗ ಅದು ಸಿಕ್ಕಿತ್ತು. ಹೊದಿಕೆಗೆ ಹಸಿವಾಗಿದೆ, ಅದಕ್ಕೇ ಕಾಡು ಬಾಡುತ್ತಿದೆ. ಯಾರೋ ಅದನ್ನು ಹೊಲಿದು ಉಣಿಸುತ್ತಾರೆ.

“ಆ ಯಾರೋ ನೀನೇ” ಎಂದಳು. ನಾನು ಬಾಯಿ ತೆರೆಯುವ ಮೊದಲೇ ಕೈ ಮುಗಿದಳು. “ಫೇಸ್ ಬೇಡ ಅಜ್ಜಿ. ಹ್ಯಾಂಡ್ಸ್ ಮಾತ್ರ. ಪ್ರಾಮಿಸ್.”

ಕೈ ತಾನೇ ಎಂದು ಒಪ್ಪಿಕೊಂಡೆ.

ಶುಕ್ರವಾರ ಹೊದಿಕೆಯನ್ನು ಮತ್ತೊಮ್ಮೆ ಚಹಾದಲ್ಲಿ ಅದ್ದಿದೆವು. ಈ ಸಲ ಡಿಕಾಕ್ಷನ್ ಕುದಿಸಿದವಳು ನಾನೇ. ಆಗ ಒಂದು ಸೋಜಿಗ ನಡೆಯಿತು. ಹತ್ತಿಯ ಬಟ್ಟೆ ಚಹಾ ಕುಡಿದು ಕಂದಾಯಿತು, ಆದರೆ ಆ ಕೆಂಪು ದಾರ ಹತ್ತಿಯದಲ್ಲವಾದ್ದರಿಂದ ಒಂದು ಹನಿಯನ್ನೂ ಕುಡಿಯಲಿಲ್ಲ. ಕಂದು ಬಟ್ಟೆಯ ಮೇಲೆ ಹೊಲಿಗೆಯ ಸಾಲುಗಳು ಮುದುಕರ ಕೈಯ ನರಗಳ ಹಾಗೆ ಎದ್ದು ಕಂಡವು. ಹೇಲಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ನನ್ನನ್ನು ತಬ್ಬಿಕೊಂಡೇಬಿಟ್ಟಳು.

ಶನಿವಾರ ಇಳಿಹೊತ್ತು ಹಳ್ಳದ ದಂಡೆಗೆ ಹೋದೆವು. ನನ್ನನ್ನು ಒಂದು ಕಲ್ಲಿನ ಮೇಲೆ ಕೂರಿಸಿ, ತೊಡೆಯ ಮೇಲೆ ಹೊದಿಕೆ ಹರಡಿ, ಕ್ಯಾಮೆರಾವನ್ನು ಕೈಯ ಹತ್ತಿರಕ್ಕೆ ತಂದರು. ಶುರು ಮಾಡುವಷ್ಟರಲ್ಲಿ ಪಕ್ಕದ ಮನೆಯವರು ಎಲೆ ಊದುವ ಯಂತ್ರ ಹಚ್ಚಿದರು. ಇಡೀ ಕಾಡು ಭರ್ರೆಂದಿತು. “ಪರವಾಗಿಲ್ಲ, ಸೌಂಡ್ ಬೇರೆ, ಪಿಕ್ಚರ್ ಬೇರೆ” ಎಂದಳು ಇಂಚರಾ. ಚಿತ್ರವನ್ನು ಒಂದು ಸಲದಿಂದ, ಸದ್ದನ್ನು ಇನ್ನೊಂದು ಸಲದಿಂದ ತೆಗೆದು ಕೂಡಿಸಬಹುದಂತೆ. ಕಂಡದ್ದೂ ಕೇಳಿದ್ದೂ ಒಂದೇ ಗಳಿಗೆಯದು ಎಂದು ನಾವು ನಂಬುತ್ತೇವೆ, ಅಷ್ಟೇ. ಆದರೂ ಆ ಯಂತ್ರ ನಿಲ್ಲುವವರೆಗೆ ಕಾದೆವು.

ಕಾಯುವಾಗ ಅವಳು ತನ್ನ ಚೀಲದಿಂದ ಹಸಿರು ಗಾಜಿನ ಬಳೆಗಳನ್ನು ತೆಗೆದಳು. ಗಣಪತಿ ಹಬ್ಬದಲ್ಲಿ ಶೈಲಾಳಿಗೆ ಕೊಟ್ಟವು. “ಅಜ್ಜಿ, ಇದು ಹಾಕ್ಕೋ. ಈ ಲೈಟಲ್ಲಿ ತುಂಬಾ ಚೆನ್ನಾಗಿರುತ್ತೆ.”

ನೀರು ಹಿಡಿದು ನಿಂತಿದ್ದ ಶೈಲಾ ತಟ್ಟನೆ ಹೇಳಿದಳು: “ಇಂಚೂ, ಬ್ಯಾಡ. ಅಜ್ಜಿ ಬಳಿ ಹಾಕ್ಕೊಳ್ಳೂದಿಲ್ಲ.”

“ಯಾಕೆ?”

ಶೈಲಾ ನನ್ನ ಕಡೆ ನೋಡಿದಳು, ನಾನು ಹಳ್ಳದ ಕಡೆ ನೋಡಿದೆ. ಇಂಚರಾ ದಡ್ಡಿಯಲ್ಲ. ಅವಳ ಮುಖದಲ್ಲಿ ಅರ್ಥವಾದದ್ದು ನಿಧಾನಕ್ಕೆ ಮೂಡಿತು. ಬಂದು ನನ್ನ ಮುಂದೆ ಮಣ್ಣಿನಲ್ಲೇ ಕುಳಿತಳು. “ಅಜ್ಜಿ, ಇದು ನಮ್ಮ ವರ್ಲ್ಡ್ ಅಲ್ಲ. ಈ ಕಾಡಲ್ಲಿ ಆ ರೂಲ್ ಇಲ್ಲ. ಇಲ್ಲಿ ರೂಲ್ಸ್ ಮಾಡೋಳು ನಾನು.”

ನಿಮ್ಮ ಅಜ್ಜ ಇದ್ದಾಗ ನಾನು ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದರೆ ಅವರು ಹೊರಗೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ರೊಟ್ಟಿಯ ಸದ್ದಿನ ಜೊತೆಗೆ ಬಳೆಯ ಸದ್ದೂ ಬೆರೆಯುತ್ತಿತ್ತು. ಅದು ನಿಂತ ಗಳಿಗೆಗೆ, “ಆತೇನು?” ಎಂದು ಒಳಗೆ ಬರುತ್ತಿದ್ದರು. ಊಟಕ್ಕೆ ಬನ್ನಿ ಎಂದು ನಾನು ಅವರನ್ನು ಬಾಯಿಂದ ಕರೆದದ್ದೇ ಇಲ್ಲ. ಅವರು ಹೋದ ಮೇಲೆ ರೊಟ್ಟಿ ಬಡಿದಾಗಲೆಲ್ಲ ಆ ಸದ್ದು ಅರ್ಧವೇ ಇರುತ್ತಿತ್ತು.

“ಒಂದ ಸಲ ಹಾಕ್ಕೊಂತೀನಿ, ಒಂದ ಸಲ ಹಂಗ ಮಾಡ್ತೀನಿ” ಎಂದೆ.

ಬಳೆ ಏರಿಸಲು ಇಂಚರಾಳಿಗೆ ಬರಲಿಲ್ಲ. ಬೆರಳ ಗಂಟಿನ ಹತ್ತಿರ ಸಿಕ್ಕಿಸಿಕೊಂಡು ಹೆದರಿದಳು. ನಾನೇ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಕೈ ಸಣ್ಣದು ಮಾಡಿ ಏರಿಸಿಕೊಂಡೆ. ಕೈಗೆ ಎಲ್ಲ ನೆನಪಿತ್ತು. ಹೊಲಿದೆ, ಶೈಲಾ ತಂದುಕೊಟ್ಟ ಜೋಳದ ಕಾಳು ಇಟ್ಟೆ, ಮೂಲೆ ಮುಚ್ಚಿದೆ. ಸೂಜಿ ಎಳೆದಾಗಲೆಲ್ಲ ಬಳೆ ಸದ್ದು ಮಾಡಿತು. ಶೈಲಾ ಆಚೆ ತಿರುಗಿ ನಿಂತಿದ್ದಳು. ಆಮೇಲೆ ಬಳೆ ತೆಗೆದು, ಆ ಮೂಲೆಯನ್ನು ಬಿಚ್ಚಿ, ಬರಿಗೈಯಲ್ಲಿ ಅದನ್ನೇ ಮತ್ತೆ ಮಾಡಿದೆ.

“ಯಾವುದು ಹಾಕ್ಲಿ?” ಎಂದು ಅವಳು ಕೇಳಿದಳು. “ನೀನೇ ಚೂಸ್ ಮಾಡು.”

ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಬರಲೇ ಇಲ್ಲ. ಅವಳು ಕಂಪ್ಯೂಟರಿನ ಮುಂದೆ ಕುಳಿತು ಕತ್ತರಿಸಿ ಕೂಡಿಸುತ್ತಿದ್ದ ಅಷ್ಟೂ ದಿನ ನನ್ನನ್ನು ಕೇಳಿದಳು, ನಾನು ಅಷ್ಟೂ ದಿನ ಮಾತು ಮರೆಸಿದೆ. ಬಳೆಯಿದ್ದ ಕೈ ತೋರಿಸಿದರೆ ಸುಳ್ಳಾಗುತ್ತದೆ. ನಿಮ್ಮ ಅಜ್ಜ ಹೋದದ್ದೇ ಇಲ್ಲವೆಂದು ಊರಿಗೆಲ್ಲ ಹೇಳಿದ ಹಾಗೆ. ಬರಿಗೈ ತೋರಿಸಿದರೆ, ಅಷ್ಟು ಚೆಂದದ ಹಾಡಿನ ನಡುವೆ, ಶುಭದ ಕೆಲಸದಲ್ಲಿ ನಾನು ಹಿಂದೆ ಸರಿಸಿಕೊಳ್ಳುವ ಕೈಯನ್ನೇ ಎಲ್ಲರ ಮುಂದೆ ಚಾಚಿದ ಹಾಗೆ. ಯಾವುದು ನನ್ನದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ಅವಳು ಕೇಳುವುದನ್ನು ನಿಲ್ಲಿಸಿದಳು.

ತೋರಿಸುವ ದಿನ ಸಂಜೆ ಶಾಲೆಯ ಸಭಾಗೃಹದಲ್ಲಿ ಹಿಂದಿನ ಸಾಲಿನಲ್ಲಿ ಶೈಲಾಳ ಪಕ್ಕ ಕುಳಿತೆ. ದೀಪ ಆರಿದಾಗ ಸಮಾಧಾನವಾಯಿತು, ಕತ್ತಲಲ್ಲಿ ಎಲ್ಲರೂ ನನ್ನ ಹಾಗೆಯೇ. ಇಂಚರಾಳ ಸರದಿ ಬಂತು. ಕುಡ್ಜುವಿನ ಹಸಿರು, ಓರೆ ಬಿಸಿಲು, ಕಂದು ಹೊದಿಕೆ ಎಳೆದುಕೊಂಡು ನಡೆಯುವ ಹೇಲಿ. ಕಿರೀಟವಿಲ್ಲದೆಯೂ ಅವಳು ರಾಣಿಯೇ ಎಂದು ಯಾರಿಗಾದರೂ ಅನ್ನಿಸುತ್ತಿತ್ತು. ಎಲೆಗಳ ಬಣ್ಣ ಒಂದೊಂದಾಗಿ ಆರಿತು. ಆಮೇಲೆ ಪರದೆಯ ತುಂಬ ಎರಡು ಕೈ ಬಂದವು, ಮನೆಯ ಬಾಗಿಲಿನಷ್ಟು ದೊಡ್ಡವು. ನರ ಎದ್ದ, ಸುಕ್ಕಾದ, ಬರಿಯ ಕೈ.

ನಾನು ಸೆರಗಿನೊಳಗೆ ನನ್ನ ಕೈ ಮುಚ್ಚಿಕೊಂಡೆ.

ಅಷ್ಟರಲ್ಲಿ ಹಾಡು ನಿಂತಿತು. ಗಿಟಾರ್ ಇಲ್ಲ, ಹೇಲಿಯ ದನಿ ಇಲ್ಲ. ಪರದೆಯ ಮೇಲೆ ಆ ಬರಿಗೈ ಮೂಲೆಯೊಳಗೆ ಜೋಳದ ಕಾಳು ಇಟ್ಟು, ಸೂಜಿ ಎಳೆಯಿತು. ಎಳೆದಾಗ ಬಳೆ ಸದ್ದು ಮಾಡಿದವು. ಇನ್ನೊಮ್ಮೆ ಎಳೆಯಿತು, ಇನ್ನೊಮ್ಮೆ ಸದ್ದಾಯಿತು. ಕೈಯಲ್ಲಿ ಏನೂ ಇರಲಿಲ್ಲ, ಸದ್ದು ಮಾತ್ರ ಇಡೀ ಸಭೆಯಲ್ಲಿ ಇತ್ತು. ನಾನು ಸಾಲುಗಳ ಮೇಲೆ ಕಣ್ಣಾಡಿಸಿದೆ. ಒಂದು ತಲೆಯೂ ತಗ್ಗಿರಲಿಲ್ಲ, ಒಂದು ಫೋನೂ ಬೆಳಗುತ್ತಿರಲಿಲ್ಲ. ಶೈಲಾ ನನ್ನ ಮಣಿಕಟ್ಟು ಹಿಡಿದುಕೊಂಡಳು, ಚಿತ್ರ ಮುಗಿಯುವವರೆಗೂ ಬಿಡಲಿಲ್ಲ.

ಹೊರಗೆ ಬಂದ ಮೇಲೆ ಇಂಚರಾ ನನ್ನ ಮುಖವನ್ನೇ ನೋಡುತ್ತಿದ್ದಳು, ಬಯ್ಯುತ್ತೇನೋ ಏನೋ ಎಂದು. “ನೀನು ಚೂಸ್ ಮಾಡ್ಲೇ ಇಲ್ಲ ಅಲ್ವಾ” ಎಂದಳು, “ಸೋ ನಾನು ಎರಡೂ ಇಟ್ಟೆ.”

ಟೀಚರು ಅವಳನ್ನು ಕೇಳಿದರಂತೆ, ಆ ಕಾಳು ಯಾಕೆ, ಬಳೆಯಿಲ್ಲದೆ ಬಳೆಯ ಸದ್ದು ಯಾಕೆ, ನೋಡುವವರಿಗೆ ಇನ್ನಷ್ಟು ಬಿಡಿಸಿ ಹೇಳಬಾರದೇ ಎಂದು. ಬೇಡ ಎಂದು ಬಂದಿದ್ದಾಳೆ. ಹೊಗೆ ಬೇಡ, ಕಿರೀಟ ಬೇಡ ಎಂದ ಹುಡುಗಿ ಅದು. ನನಗಂತೂ ಅಷ್ಟೇ ಸಾಕು. ಇದ್ದದ್ದನ್ನು ಇದ್ದ ಹಾಗೆ ಕಾಣಲು ಬಿಟ್ಟು, ಇಲ್ಲದ್ದನ್ನು ಕೇಳಿಸುವುದು ಸಾಧ್ಯವೆಂದು ಈ ವಯಸ್ಸಿನಲ್ಲಿ ಕಲಿತೆ. ನನ್ನ ದಿನಗಳೂ ಇಷ್ಟು ಕಾಲ ನಡೆದದ್ದು ಹಾಗೆಯೇ, ಬೇರೊಬ್ಬರು ತೋರಿಸುವವರೆಗೆ ನನಗೆ ಗೊತ್ತಿರಲಿಲ್ಲ. ಹಾಗಾಗಿ ಸಮರ್ಥ, ಸಿರಿ, ಆ ಕೈ ನನ್ನವು.

ಹೊದಿಕೆ ಈಗ ನನ್ನ ಹಾಸಿಗೆಯ ಮೇಲಿದೆ. ಚೆನ್ನಾಗಿ ನಿದ್ದೆ ಬರುತ್ತದೆ. ಬಳೆಗಳನ್ನು ಯಾರೋ ನನ್ನ ದಾರದ ಡಬ್ಬಿಯಲ್ಲಿ ಇಟ್ಟುಹೋಗಿದ್ದರು. ತಾಯಿಯೋ ಮಗಳೋ, ನಾನು ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಚಹಾ ಸೋಸುವಾಗ ಸೆರಗಿನ ಮೇಲೆ ಚೆಲ್ಲಿತು. ಎಂದಿನಂತೆ ನನ್ನ ಕೈ ನನ್ನನ್ನು ಕೇಳದೆಯೇ ನಲ್ಲಿಯ ಕಡೆಗೆ ಹೋಯಿತು. ನೀರು ಬಿಟ್ಟು, ಸೆರಗು ಹಿಡಿದು, ಎರಡು ಸಲ ತಿಕ್ಕಿದೆನೋ ಇಲ್ಲವೋ, ಮಣಿಕಟ್ಟಿನಲ್ಲಿ ಹಸಿರು ಗಾಜು ಗಾಜಿಗೆ ತಾಗಿತು.

“ಯವ್ವಾ, ಯಾರ ಬಂದಾರಬೇ?” ಮಹಡಿಯಿಂದ ಶೈಲಾ ಕೂಗಿ ಕೇಳಿದಳು.

“ಯಾರೂ ಬಂದಿಲ್ಲವಾ” ಎಂದೆ. “ನಾನ ಅದೀನಿ.”